ವೈದ್ಯಕೀಯ ಜಿಗಣೆ: ಫ್ಲ್ಯಾಪ್ ಉಳಿಸಬಲ್ಲದು, ರಕ್ತದ ಲೆಕ್ಕ ನಿಮ್ಮದು

ಕೆರೆಯಲ್ಲಿ ಕಾಲಿಗೆ ಹತ್ತುವ ಜಿಗಣೆಯಲ್ಲ ಇದು. ಇದಕ್ಕೆಂದೇ ಸಾಕಿ, ಹಸಿದಿರುವಾಗಲೇ ಕಳಿಸುವ ಹಿರುಡೊ ಜಾತಿಯದು. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಇದನ್ನು ವೈದ್ಯಕೀಯ ಸಾಧನವೆಂದೇ ಮಾರಲು ಒಪ್ಪಿತು.

ಫ್ಲ್ಯಾಪ್ (ಗಾಯ ಮುಚ್ಚಲು ರಕ್ತನಾಳ ಸಮೇತ ತಂದು ಕೂರಿಸಿದ ಚರ್ಮ-ಮಾಂಸದ ತುಂಡು) ನೇರಳೆಯಾಗಿ ಊದಿಕೊಂಡು, ಒತ್ತಿ ಬಿಟ್ಟ ಕೂಡಲೇ ಬಣ್ಣ ಮರಳಿ, ಸೂಜಿ ಚುಚ್ಚಿದರೆ ಕಪ್ಪು ರಕ್ತ ಜಿನುಗಿದರೆ ಅಭಿಧಮನಿ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ಕಟ್ಟಿದೆ ಎಂದರ್ಥ. ಆಗ ಮೊದಲ ದಾರಿ ಜಿಗಣೆಯಲ್ಲ, ಆಪರೇಷನ್ ಥಿಯೇಟರ್. ಮುಖ್ಯ ಅಭಿಧಮನಿಯ ಹೆಪ್ಪನ್ನು ಜಿಗಣೆ ಕರಗಿಸದು; ನಿಂತ ರಕ್ತವನ್ನು ಹೊರಹರಿಸುವುದಷ್ಟೇ ಅದರ ಕೆಲಸ. ಜೋಡಿಸಲು ಅಭಿಧಮನಿಯೇ ಸಿಗದ ಬೆರಳ ತುದಿ, ಕಿವಿ, ಅಥವಾ ಸರಿಪಡಿಸಿದ ಮೇಲೂ ಅಂಚು ಕಪ್ಪಾಗುತ್ತಿರುವ ಫ್ಲ್ಯಾಪ್: ಇದರ ನಿಜವಾದ ಜಾಗ ಅಲ್ಲಿ. ಬಿಳಿಚಿ ತಣ್ಣಗಾದ ಅಂಗಾಂಶಕ್ಕೆ ಬಿಟ್ಟರೆ ಸಾಮಾನ್ಯವಾಗಿ ಕಚ್ಚುವುದೇ ಇಲ್ಲ. ಅಪಧಮನಿ (ರಕ್ತ ತರುವ ನಾಳ) ನೋಡಿ ಎಂದು ಅದೇ ಹೇಳಿದಂತೆ.

ರಕ್ತ ಅತಿಯಾಗಿ ಹೆಪ್ಪುಗಟ್ಟುವ ದೋಷವಿದ್ದವರಲ್ಲಿ ಒಂದು ಅನುಕೂಲವಿದೆ. ಹೆಪ್ಪು ತಡೆಯುವ ಔಷಧಿ ಹೆಪಾರಿನ್ ಕೆಲಸ ಮಾಡಲು ರಕ್ತದಲ್ಲಿರುವ ಆ್ಯಂಟಿಥ್ರಾಂಬಿನ್ ಎಂಬ ಪ್ರೋಟೀನ್ ಬೇಕು. ಅದರ ಕೊರತೆಯಿದ್ದರೆ ಹೆಪಾರಿನ್ ಸೋಲುತ್ತದೆ. ಜಿಗಣೆಯ ಜೊಲ್ಲಿನ ಹಿರುಡಿನ್, ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ನನ್ನು ನೇರವಾಗಿ ಹಿಡಿಯುತ್ತದೆ. ಹೆಪಾರಿನ್ ಆರಂಭಿಸಿದ 5ರಿಂದ 10 ದಿನಗಳಲ್ಲಿ ಪ್ಲೇಟ್‌ಲೆಟ್ ಅರ್ಧಕ್ಕಿಳಿದು, ಅದನ್ನು ನಿಲ್ಲಿಸಬೇಕಾಗಿ ಬಂದವರಿಗೂ ಜಿಗಣೆ ಬಳಸಬಹುದು. ಆದರೆ ಪರಿಣಾಮ ಕಚ್ಚಿದ ಜಾಗಕ್ಕಷ್ಟೇ; ಫ್ಯಾಕ್ಟರ್ 5 ಲೈಡನ್ ಅಥವಾ ಆ್ಯಂಟಿಫಾಸ್ಫೋಲಿಪಿಡ್‌ನಂಥ ಹೆಪ್ಪುಗಟ್ಟುವ ದೋಷದವರಿಗೆ ಬೇಕಾದ ಔಷಧಿಗೆ ಬದಲಿಯಲ್ಲ.

ಬಳಕೆ ಕಷ್ಟವಿಲ್ಲ, ತಾಳ್ಮೆ ಬೇಕು. ಚರ್ಮವನ್ನು ಸಲೈನ್‌ನಲ್ಲಿ ಒರೆಸಿ. ಸ್ಪಿರಿಟ್ ವಾಸನೆಯಿದ್ದರೆ ಮೂತಿಯೂ ಇಡದು. ಸುತ್ತ ಗಾಜ್ ಬಟ್ಟೆ ಕಟ್ಟಿ, ತುದಿ ಕತ್ತರಿಸಿದ ಸಿರಿಂಜ್‌ನೊಳಗಿಂದ ಬಿಡಿ, ಇಲ್ಲವಾದರೆ ಗಾಯದೊಳಕ್ಕೇ ನುಸುಳೀತು. ಕಚ್ಚದಿದ್ದರೆ ಸೂಜಿಯಿಂದ ಒಂದು ಹನಿ ರಕ್ತ ತೆಗೆಯಿರಿ. ಹೊಟ್ಟೆ ತುಂಬಿದ ಮೇಲೆ ತಾನೇ ಉದುರುತ್ತದೆ. ಎಳೆದರೆ ಹಲ್ಲು ಉಳಿಯುತ್ತದೆ, ಉಪ್ಪು ಹಾಕಿದರೆ ಹೀರಿದ್ದನ್ನೆಲ್ಲ ಗಾಯಕ್ಕೇ ಕಕ್ಕುತ್ತದೆ. ಹೀರುವುದು ಸುಮಾರು 5ರಿಂದ 15 ಮಿ.ಲೀ. ಮಾತ್ರ, ಅಸಲಿ ಉಪಕಾರ ಆಮೇಲೆ ಗಂಟೆಗಟ್ಟಲೆ ಜಿನುಗುವ ರಕ್ತದ್ದು. ಹೆಪ್ಪುಗಟ್ಟಿ ನಿಂತರೆ ಹೆಪಾರಿನ್ ಅದ್ದಿದ ಗಾಜ್‌ನಿಂದ ಒರೆಸಬಹುದು. ಹೆಪಾರಿನ್ ಕೂಡದವರಿಗೆ ಸಲೈನ್ ಮಾತ್ರ, ಇದನ್ನು ಮರೆಯುವುದು ಸುಲಭ.

ದೊಡ್ಡ ಕೊರತೆಗಳು ಎರಡು. ಹೊಸ ಸಣ್ಣ ಅಭಿಧಮನಿಗಳು ಬೆಳೆಯುವ ತನಕ, ಅಂದರೆ ಹಲವು ದಿನ, ಇದೇ ನಡೆಯುವುದರಿಂದ ಹಿಮೋಗ್ಲೋಬಿನ್ ಇಳಿಯುತ್ತದೆ: ಪದೇ ಪದೇ ಪರೀಕ್ಷಿಸಿ, ಹೊಂದುವ ರಕ್ತ ಸಿದ್ಧವಿಡಿ. ಇನ್ನೊಂದು, ಅದರ ಕರುಳಿನಲ್ಲಿರುವ, ಸೋಂಕು ತರುವ ಏರೋಮೊನಾಸ್ ಬ್ಯಾಕ್ಟೀರಿಯಾ. ಆಂಪಿಸಿಲಿನ್‌ಗೆ ಅದು ಜಗ್ಗದು. ಮೊದಲ ಜಿಗಣೆಗೂ ಮುನ್ನವೇ ಸಿಪ್ರೊಫ್ಲಾಕ್ಸಸಿನ್ ಅಥವಾ ಕೋ-ಟ್ರೈಮಾಕ್ಸಜೋಲ್ ಆ್ಯಂಟಿಬಯೋಟಿಕ್ ಶುರುಮಾಡುತ್ತಾರೆ. ಸಿಪ್ರೊಗೆ ಬಗ್ಗದ ತಳಿಗಳೂ ಇರುವುದರಿಂದ ಜಿಗಣೆ ಇಟ್ಟ ನೀರನ್ನು ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸುವುದು ಜಾಣತನ.

ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ದೋಷ) ಇರುವವರಿಗೆ, ರಕ್ತ ಪಡೆಯಲು ಒಪ್ಪದವರಿಗೆ, ರೋಗನಿರೋಧಕ ಶಕ್ತಿ ತೀರಾ ಕುಂದಿದವರಿಗೆ ಬೇಡ. ಉಳಿದವರಿಗೆ 5ಕ್ಕೆ 4 ಅಂಕ. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸುವಂತಿಲ್ಲ; 70 ಶೇಕಡಾ ಆಲ್ಕೋಹಾಲ್‌ಗೆ ಹಾಕಿ ಕೊಂದು, ಜೈವಿಕ ತ್ಯಾಜ್ಯದ ಚೀಲಕ್ಕೆ ಹಾಕಿ.