ಜರ್ಮನಿಯಲ್ಲಿ ಹೋಂಡಾ ಜಾಝ್ ಹೈಬ್ರಿಡ್: ಕಾರು ಚೆನ್ನಾಗಿದೆ, ಲೆಕ್ಕ ಕೂಡಿಬರುವುದಿಲ್ಲ

2020ರಲ್ಲಿ ಬಂದ ಮಾದರಿ ಇದು, 1.5 ಲೀಟರ್ ಪೆಟ್ರೋಲ್ ಹೈಬ್ರಿಡ್ (ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಕಾರು), ಶಕ್ತಿ 109 ಪಿಎಸ್. ಬೆಂಗಳೂರಿನ ರಸ್ತೆಯಲ್ಲಿ ಕಾಣುವ ಜಾಝ್ ಹಿಂದಿನ ತಲೆಮಾರುಗಳದ್ದು. ಈ ತಲೆಮಾರು ಭಾರತಕ್ಕೆ ಬರಲೇ ಇಲ್ಲ.

ಮೊದಲು ಹೊಗಳಬೇಕಾದ್ದು ಹಿಂದಿನ ಸೀಟನ್ನು. 40 ಲೀಟರ್ ಟ್ಯಾಂಕ್ ಮುಂದಿನ ಸೀಟುಗಳ ಅಡಿಯಲ್ಲಿದೆ, ಹಾಗಾಗಿ ಹಿಂದಿನ ಸೀಟಿನ ಕೆಳಗೆ ಪೂರ್ತಿ ಖಾಲಿ. ಕೂರುವ ಭಾಗವನ್ನು ಮೇಲಕ್ಕೆತ್ತಿ ಒರಗಿಗೆ ತಾಗಿಸಿಟ್ಟರೆ ಎತ್ತರದ ಹೂಕುಂಡವೂ ಮುಂದಿನ ಚಕ್ರ ಬಿಚ್ಚಿದ ಸೈಕಲ್ಲೂ ನೆಟ್ಟಗೆ ನಿಲ್ಲುತ್ತವೆ. ಒರಗನ್ನು ಮಡಚಿದರೆ ಡಿಕ್ಕಿಯವರೆಗೆ ಸಪಾಟು ನೆಲ. ನಾಲ್ಕು ಮೀಟರ್ ಚಿಲ್ಲರೆ ಉದ್ದದ ಕಾರಿನಲ್ಲಿ ಇಷ್ಟು ಜಾಣತನದ ಜಾಗ ಬೇರೆ ಕಡೆ ಸಿಗುವುದು ಕಷ್ಟ.

ಊರೊಳಗೆ ಹೆಚ್ಚಿನ ಹೊತ್ತು ಚಕ್ರ ತಿರುಗಿಸುವುದು ವಿದ್ಯುತ್ ಮೋಟರ್; ಎಂಜಿನ್ ಕರೆಂಟ್ ತಯಾರಿಸುತ್ತದೆ, ಅಷ್ಟೇ. ವೇಗ ಹಿಡಿದು ಸಮನಾಗಿ ಓಡುವಾಗ ಒಂದು ಕ್ಲಚ್ ಕೂಡಿಕೊಂಡು ಎಂಜಿನ್ ನೇರವಾಗಿ ಚಕ್ರಕ್ಕೆ ಸೇರುತ್ತದೆ. ಗೇರ್‌ಬಾಕ್ಸ್ ಇಲ್ಲ. ತೊಂದರೆ ಶುರುವಾಗುವುದು ಏರಿನಲ್ಲಿ. ಎ7 ಆಟೋಬಾನ್‌ನ (ಜರ್ಮನಿಯ ವೇಗದ ಹೆದ್ದಾರಿ) ಕಾಸೆಲ್ ಊರಿನ ಬಳಿಯ ಉದ್ದನೆಯ ಏರುಗಳಲ್ಲಿ ಗಂಟೆಗೆ 130 ಕಿ.ಮೀ. ವೇಗ ಹಿಡಿದಿಡಲು ಹೊರಟರೆ ಕ್ಲಚ್ ಬಿಟ್ಟುಕೊಳ್ಳುತ್ತದೆ, ಎಂಜಿನ್ ಒಂದೇ ರಾಗದಲ್ಲಿ ಅರಚುತ್ತದೆ. ಹೈಬ್ರಿಡ್ ಬ್ಯಾಟರಿ ಒಂದು ಯೂನಿಟ್ ಕರೆಂಟ್ ಕೂಡ ಹಿಡಿಯದಷ್ಟು ಸಣ್ಣದು, ಏರು ಮುಗಿಯುವ ಮುಂಚೆ ಅದು ಖಾಲಿ. 110ಕ್ಕೆ ಇಳಿಸಿದರೆ ಸದ್ದೂ ಇಳಿಯುತ್ತದೆ. ಊರಲ್ಲಿ 100 ಕಿ.ಮೀ.ಗೆ ನಾಲ್ಕೂವರೆ ಲೀಟರ್ ಆಸುಪಾಸು ಕುಡಿಯುವ ಕಾರು 130ರಲ್ಲಿ ಆರರ ಗಡಿ ಮುಟ್ಟುತ್ತದೆ. ಊರಿನ ಕಾರನ್ನು ಆಟೋಬಾನ್ ದೇಶದಲ್ಲಿ ಮಾರಲು ಹೊರಟರೆ ಹೀಗೇ.

ನಿರ್ವಹಣೆ ಸುಲಭ, ಎಂಜಿನ್ನಿಗೆ 0ಡಬ್ಲ್ಯೂ-20 ದರ್ಜೆಯ ತೆಳು ಎಣ್ಣೆ. ಕಣ್ಣಿಡಬೇಕಾದ್ದು ಎರಡು. 12 ವೋಲ್ಟ್ ಬ್ಯಾಟರಿ ಚಿಕ್ಕದು. ಅದು ಸತ್ತರೆ ಹೈಬ್ರಿಡ್ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ವಾರಗಟ್ಟಲೆ ನಿಲ್ಲಿಸುವುದಾದರೆ ಆಗಾಗ ಕಾರು ಓಡಲು ಸಿದ್ಧ ಎಂದು ತೋರಿಸುವ 'ರೆಡಿ' ದೀಪ ಹೊತ್ತಿಸಿ ಅರ್ಧ ಗಂಟೆ ಬಿಡಿ. ಬರೀ ಇಗ್ನಿಷನ್ ಹಾಕಿ ರೇಡಿಯೋ ಕೇಳಿದರೆ ಬ್ಯಾಟರಿ ಇನ್ನೂ ಬೇಗ ಇಳಿಯುತ್ತದೆ. ಇನ್ನೊಂದು ಬ್ರೇಕ್ ಡಿಸ್ಕ್: ವೇಗ ತಗ್ಗಿಸುವ ಕೆಲಸ ಬಹುಪಾಲು ಮೋಟರ್ ಮಾಡುವುದರಿಂದ ಚಳಿಗಾಲದ ಉಪ್ಪಿಗೆ ಡಿಸ್ಕ್ ತುಕ್ಕು ಹಿಡಿಯುತ್ತದೆ. ಖಾಲಿ ರಸ್ತೆಯಲ್ಲಿ ವಾರಕ್ಕೆರಡು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ ಉಜ್ಜಿಸಿದರೆ ಆ ಖರ್ಚು ಉಳಿಯುತ್ತದೆ.

ಇಷ್ಟಿದ್ದೂ ಜರ್ಮನಿಯಲ್ಲಿ ಈ ಕಾರಿಗೆ ಹೆಚ್ಚು ಮಾರಾಟ ಏಕಿಲ್ಲ? ಜರ್ಮನಿಯಲ್ಲಿ ನೋಂದಣಿಯಾಗುವ ಹೊಸ ಕಾರುಗಳಲ್ಲಿ ಸುಮಾರು ಮೂರನೇ ಎರಡು ಪಾಲು ಕಂಪನಿಗಳ ಹೆಸರಿನವು. ಕಂಪನಿ ಕಾರನ್ನು ಸ್ವಂತಕ್ಕೂ ಬಳಸುವ ನೌಕರನ ತೆರಿಗೆಗೊಳಪಡುವ ಆದಾಯಕ್ಕೆ ಪಟ್ಟಿಬೆಲೆಯ ಶೇ. 1 ಪ್ರತಿ ತಿಂಗಳೂ ಸೇರುತ್ತದೆ. ಪ್ಲಗ್ ಇಲ್ಲದ ಹೈಬ್ರಿಡ್‌ಗೆ ರಿಯಾಯಿತಿ ಇಲ್ಲ. 26,000 ಯೂರೋ ಜಾಝ್‌ಗೆ 260 ಯೂರೋ ಸೇರಿದರೆ, 40,000 ಯೂರೋ ವಿದ್ಯುತ್ ಕಾರಿಗೆ ಶೇ. 0.25ರ ದರದಲ್ಲಿ ಬರೀ 100. ಯಾವನು ಜಾಝ್ ಕೇಳುತ್ತಾನೆ? ಸ್ವಂತ ದುಡ್ಡಿನಲ್ಲಿ ಕೊಳ್ಳುವವರಿಗೆ ಅಗ್ಗದ ಮ್ಯಾನುಯಲ್ ಆವೃತ್ತಿ ಇಲ್ಲ. ಅವರು ಅಗ್ಗದ ಸಣ್ಣ ಕಾರು ಡಾಸಿಯಾ ಸ್ಯಾಂಡೆರೋ ಕಡೆ ಹೋಗುತ್ತಾರೆ. ಉಳಿದವರು ನಿವೃತ್ತರು. 'ಪಿಂಚಣಿದಾರರ ಕಾರು' ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ, ಆದರೆ ಆ ಹಿರಿಯರು ಜಾಣರು.

ಡೀಸೆಲ್ ಕಾಲದಲ್ಲೂ ಹೋಂಡಾ ತಡ ಮಾಡಿತ್ತು. ಅದರ ಸ್ವಂತ 2.2 ಲೀಟರ್ ಡೀಸೆಲ್ ಅಕಾರ್ಡ್‌ನಲ್ಲಿ ಬರುವ ಹೊತ್ತಿಗೆ ಎದುರಾಳಿಗಳು ಬೇರೂರಿದ್ದರು. ವಿದ್ಯುತ್ತಿನಲ್ಲಿ ಬಂದ ಮುದ್ದಾದ ಹೋಂಡಾ ಇ 35.5 ಯೂನಿಟ್ ಬ್ಯಾಟರಿಗೆ ದುಬಾರಿ ಬೆಲೆ ಕೇಳಿತು, 2024ರಲ್ಲಿ ನಿಂತಿತು. ಇಂಗ್ಲೆಂಡಿನ ಸ್ವಿಂಡನ್ ಕಾರ್ಖಾನೆ 2021ರ ಜುಲೈಯಲ್ಲಿ ಮುಚ್ಚಿದ ಮೇಲೆ ಯುರೋಪಿನಲ್ಲಿ ಹೋಂಡಾಗೆ ಕಾರು ಕಾರ್ಖಾನೆಯೇ ಇಲ್ಲ. ಜಪಾನಿನ ಕಾರುಗಳ ಮೇಲಿದ್ದ ಶೇ. 10 ಸುಂಕ ಯುರೋಪಿಯನ್ ಒಕ್ಕೂಟ ಮತ್ತು ಜಪಾನ್ ನಡುವಿನ 2019ರ ಒಪ್ಪಂದದ ನಂತರ ಹಂತಹಂತವಾಗಿ ಇಳಿಯಿತು. ಅದರಿಂದ ಕಂಪನಿ ಕಾರಿನ ತೆರಿಗೆ ಲೆಕ್ಕವೇನೂ ಬದಲಾಗಲಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಡಿಸ್ಕ್‌ಗಳ ಒಳಮೈಗೆ ಟಾರ್ಚ್ ಬಿಟ್ಟು ನೋಡಿ, 12 ವೋಲ್ಟ್ ಬ್ಯಾಟರಿಯ ವಯಸ್ಸು ಕೇಳಿ, ಆಮೇಲೆ ಒಂದು ಏರು ಹತ್ತಿಸಿ ಸದ್ದು ಕೇಳಿ.