ಐಡ್ರ್ಯಾಕ್, ಐಲೋ, ಸೂಪರ್‌ಮೈಕ್ರೋ, ಪೈಕೆವಿಎಂ: ನಾಲ್ಕನ್ನೂ ಬಳಸಿ ನೋಡಿದ ಮೇಲೆ

ರೀಬೂಟ್ ಕೊಟ್ಟ ಸರ್ವರ್ ಹತ್ತು ನಿಮಿಷವಾದರೂ ಪಿಂಗ್‌ಗೆ ಓಗೊಡದಿದ್ದರೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಇದ್ದೂ ಇಲ್ಲದಂತೆ. ಆಗ ಕೈಹಿಡಿಯುವುದು ಸರ್ವರ್‌ನೊಳಗಿನ ಬಿಎಂಸಿ (ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್). ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ ಇರುವ, ಸ್ಟ್ಯಾಂಡ್‌ಬೈ ಕರೆಂಟ್‌ನಲ್ಲಿ ಓಡುವ ಪುಟ್ಟ ಕಂಪ್ಯೂಟರ್ ಅದು. ಸರ್ವರ್ ಆಫ್ ಆಗಿದ್ದರೂ ಪವರ್ ಕೇಬಲ್ ಸಿಕ್ಕಿಸಿದ್ದರೆ ಸಾಕು, ಎಚ್ಚರವಾಗಿರುತ್ತದೆ.

ಒಂದೊಂದು ಕಂಪನಿ ಬಿಎಂಸಿಗೆ ಒಂದೊಂದು ಹೆಸರಿಟ್ಟಿದೆ. ನಾನು ಹೆಚ್ಚು ದಿನ ಬಳಸಿದ್ದು ಡೆಲ್‌ನ ಐಡ್ರ್ಯಾಕ್, ಎಂಟರ್‌ಪ್ರೈಸ್ ಲೈಸೆನ್ಸ್‌ನೊಂದಿಗೆ. ಒಮ್ಮೆ ಡಿಸ್ಕ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಡಿಸ್ಕಿನ ಯುಯುಐಡಿ (ಗುರುತಿನ ಸಂಖ್ಯೆ) ತಪ್ಪಾಗಿ, ಲಿನಕ್ಸ್ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಟ್ಟಿತ್ತು. ಬ್ರೌಸರ್‌ನಲ್ಲೇ ಕನ್ಸೋಲ್ ತೆರೆದೆ. ಕಪ್ಪು ಪರದೆ, ರೂಟ್ ಪಾಸ್‌ವರ್ಡ್ ಕೇಳುವ ಒಂದು ಸಾಲು. ತಪ್ಪು ಸಾಲಿನ ಮುಂದೆ ಅದನ್ನು ಕಡೆಗಣಿಸುವಂತೆ ಒಂದು ಹ್ಯಾಷ್ ಚಿಹ್ನೆ (#) ಹಾಕಿ ರೀಬೂಟ್ ಮಾಡಿದೆ, ಅಷ್ಟೇ. ಐಡ್ರ್ಯಾಕೇ ಮಂಕಾದರೆ ಡೆಲ್‌ನ ರಾಕ್‌ಆಡ್ಮ್ ಆಜ್ಞೆಯ ಮೂಲಕ ಅದನ್ನಷ್ಟೇ ರೀಸೆಟ್ ಮಾಡಬಹುದು, ಮೇಲೆ ಓಡುತ್ತಿರುವ ಸಿಸ್ಟಮ್‌ಗೆ ಏನೂ ಆಗುವುದಿಲ್ಲ. ಇದು ನನಗೆ ಬಹಳ ಹಿಡಿಸಿದ ಗುಣ.

ಎಚ್‌ಪಿಇಯ ಐಲೋ ಅಷ್ಟೇ ಗಟ್ಟಿ, ಆದರೆ ಲೈಸೆನ್ಸ್ ನೋಡಿ ಕೊಳ್ಳಬೇಕು. ಸ್ಟ್ಯಾಂಡರ್ಡ್‌ನಲ್ಲಿ ಗ್ರಾಫಿಕ್ ಕನ್ಸೋಲ್ ಪೋಸ್ಟ್ (ಆನ್ ಆದಾಗಿನ ಸ್ವಯಂ ತಪಾಸಣೆ) ಮುಗಿಯುವವರೆಗೆ ಮಾತ್ರ. ಓಎಸ್ ಬೂಟ್ ಆಗುವುದನ್ನು ನೋಡಬೇಕಾದ ಹೊತ್ತಿಗೇ ಪರದೆ ಬಿದ್ದುಹೋಗುತ್ತದೆ, ಮುಂದಕ್ಕೆ ಅಡ್ವಾನ್ಸ್‌ಡ್ ಲೈಸೆನ್ಸ್ ಬೇಕು. ಆದರೂ ಐಲೋಗೆ ಎಸ್‌ಎಸ್‌ಎಚ್ ಮಾಡಿ ವಿಎಸ್‌ಪಿ ಎಂದು ಹೊಡೆದರೆ ಸೀರಿಯಲ್ ಕನ್ಸೋಲ್ (ಬರೀ ಅಕ್ಷರಗಳ ಪರದೆ) ಸಿಗುತ್ತದೆ, ಅದಕ್ಕೆ ಹೆಚ್ಚಿನ ಲೈಸೆನ್ಸ್ ಬೇಡ. ಲಿನಕ್ಸ್ ಮಂದಿಗೆ ಬಹುಪಾಲು ಅದೇ ಸಾಕು.

ಸೂಪರ್‌ಮೈಕ್ರೋದಲ್ಲಿ ರಿಮೋಟ್ ಕನ್ಸೋಲ್‌ಗೆ ಬೇರೆ ಲೈಸೆನ್ಸ್ ಕೇಳುವುದಿಲ್ಲ. ವೆಬ್ ಪುಟ ನೋಡಲು ಸೊಗಸಾಗಿಲ್ಲ, ಆಜ್ಞೆಗಳಿಂದಲೇ ಬಿಎಂಸಿಯನ್ನು ನಡೆಸುವ ಐಪಿಎಂಐಟೂಲ್ ಇರುವಾಗ ಆ ಪುಟದ ಹಂಗೇಕೆ?

ಇವೆಲ್ಲಕ್ಕಿಂತ ದೊಡ್ಡ ವಿಷಯ ಪೋರ್ಟ್. ಬಿಎಂಸಿಗೆ ತನ್ನದೇ ಈಥರ್ನೆಟ್ ಕಿಂಡಿ ಇರಬಹುದು, ಇಲ್ಲವೇ ಸರ್ವರ್‌ನ ಮೊದಲ ಪೋರ್ಟನ್ನೇ ಹಂಚಿಕೊಳ್ಳಬಹುದು. ಫೇಲ್‌ಓವರ್ ಎಂಬ ಮೂರನೆಯದೂ ಇದೆ: ಬಿಎಂಸಿ ಏಳುವಾಗ ಮೀಸಲು ಪೋರ್ಟ್‌ನಲ್ಲಿ ಲಿಂಕ್ ಕಾಣದಿದ್ದರೆ ಹಂಚಿಕೆಯ ಪೋರ್ಟಿಗೆ ಜಾರುತ್ತದೆ. ನನ್ನ ಒಂದು ಸರ್ವರ್‌ನಲ್ಲಿ ಹೀಗೇ ಆಯಿತು. ಕರೆಂಟ್ ಹೋಗಿ ಬಂದಾಗ ಸ್ವಿಚ್‌ಗಿಂತ ಬಿಎಂಸಿ ಮೊದಲೇ ಎದ್ದು, ಲಿಂಕ್ ಕಾಣದೆ ಪಕ್ಕದ ಪೋರ್ಟಿಗೆ ಹೋಗಿ ಕೂತಿತ್ತು. ಅಲ್ಲಿ ಮ್ಯಾನೇಜ್‌ಮೆಂಟ್ ವಿಲ್ಯಾನ್ (ನಿರ್ವಹಣೆಗೆಂದೇ ಬೇರ್ಪಡಿಸಿದ ನೆಟ್‌ವರ್ಕ್) ಇರಲಿಲ್ಲ. ಬೇಕಾದ ಹೊತ್ತಿನಲ್ಲೇ ಕೈಗೆ ಸಿಗಲಿಲ್ಲ, ಎದ್ದು ರ್‍ಯಾಕ್ ತನಕ ಹೋಗಬೇಕಾಯಿತು. ಅಂದಿನಿಂದ ಫೇಲ್‌ಓವರ್ ಬಿಟ್ಟು ಡೆಡಿಕೇಟೆಡ್ (ಮೀಸಲು ಪೋರ್ಟ್ ಮಾತ್ರ) ಎಂದೇ ಇಡುತ್ತೇನೆ. ಹಂಚಿಕೆ ಪೋರ್ಟ್‌ನಲ್ಲಿ ಕೇಬಲ್ ಒಂದು ಉಳಿಯುತ್ತದೆ, ನಿಜ. ಆದರೆ ಡೇಟಾ ನೆಟ್‌ವರ್ಕ್ ಕೆಟ್ಟರೆ ಎರಡೂ ಒಟ್ಟಿಗೇ ಮುಳುಗುತ್ತವೆ.

ಬಿಎಂಸಿಯೇ ಇಲ್ಲದ ಯಂತ್ರಕ್ಕೆ ಪೈಕೆವಿಎಂ ಹಾಕಿದೆ. ರಾಸ್‌ಬೆರಿ ಪೈ ಮೇಲೆ ಓಡುವ ಇದು ಎಚ್‌ಡಿಎಂಐ ಚಿತ್ರ ಹಿಡಿದು, ಯುಎಸ್‌ಬಿಯಲ್ಲಿ ಕೀಬೋರ್ಡ್‌ನಂತೆ ನಟಿಸುತ್ತದೆ. ಚಿತ್ರ ಚೆನ್ನಾಗಿದೆ, ಐಎಸ್‌ಒ (ಇನ್‌ಸ್ಟಾಲ್ ಡಿಸ್ಕಿನ ಕಡತ) ಕೂಡ ಮೌಂಟ್ ಆಗುತ್ತದೆ. ಫ್ಯಾನ್ ನಿಂತದ್ದು, ಪವರ್ ಸಪ್ಲೈ ಹೋದದ್ದು ಮಾತ್ರ ಇದಕ್ಕೆ ತಿಳಿಯದು. ಪವರ್ ಬಟನ್ ಒತ್ತಿಸಲು ಮದರ್‌ಬೋರ್ಡಿನ ಪಿನ್‌ಗಳಿಗೆ ವೈರ್ ಎಳೆಯಬೇಕು.

ಯಾವುದನ್ನೇ ಕೊಂಡರೂ ಇಂಟರ್‌ನೆಟ್‌ಗೆ ತೆರೆದಿಡಬೇಡಿ. ಬಿಎಂಸಿಯೊಡನೆ ಮಾತಾಡುವ ಪ್ರೋಟೊಕಾಲ್ ಆದ 2004ರ ಐಪಿಎಂಐ 2.0ರಲ್ಲಿ, ಬಳಕೆದಾರರ ಹೆಸರು ಗೊತ್ತಿದ್ದವರಿಗೆ ಲಾಗಿನ್‌ಗೆ ಮೊದಲೇ ಪಾಸ್‌ವರ್ಡ್‌ನಿಂದ ಹುಟ್ಟಿದ ಹ್ಯಾಷ್ (ಗುಪ್ತ ಸಂಕೇತ) ಸಿಗುತ್ತದೆ. ಅದನ್ನು ಕೂತು ಒಡೆಯಬಹುದು. ದೋಷ ಪ್ರೋಟೊಕಾಲ್‌ನಲ್ಲೇ ಇರುವುದರಿಂದ ಫರ್ಮ್‌ವೇರ್ ಬದಲಿಸಿದರೆ ಹೋಗದು. ಅದೇ ಕೆಲಸಕ್ಕೆ 2015ರಲ್ಲಿ ಬಂದ ರೆಡ್‌ಫಿಶ್ ಎಚ್‌ಟಿಟಿಪಿಎಸ್ ಮೇಲೆ ನಡೆಯುತ್ತದೆ. ಅದು ಇದ್ದಲ್ಲಿ ನಾನು ಐಪಿಎಂಐ ಬಳಸುವ ಯುಡಿಪಿ 623ನೇ ಪೋರ್ಟನ್ನು ಮುಚ್ಚಿಬಿಡುತ್ತೇನೆ.

ಹಣ ನನ್ನದಾದರೆ ಸೂಪರ್‌ಮೈಕ್ರೋ, ಕಚೇರಿಯದಾದರೆ ಐಡ್ರ್ಯಾಕ್ ಎಂಟರ್‌ಪ್ರೈಸ್. ಯಾವುದೇ ಬಂದರೂ ರ್‍ಯಾಕ್‌ಗೆ ಏರಿಸುವ ಮುನ್ನ ಬಯೋಸ್‌ನಲ್ಲೂ ಕರ್ನಲ್‌ನಲ್ಲೂ ಸೀರಿಯಲ್ ವೇಗ 115200 ಎಂದು ಹೊಂದಿಸಿ, ಬೇರೆ ಕೋಣೆಯಿಂದ ಸೀರಿಯಲ್ ಕನ್ಸೋಲ್ ತೆರೆಯುತ್ತೇನೆ. ಲಾಗಿನ್ ಸಾಲು ಕಂಡ ಮೇಲೆಯೇ ಸ್ಕ್ರೂ ಬಿಗಿಯುವುದು.