120 ಬಣ್ಣದ ಮಾರ್ಕರ್ ಸೆಟ್ ನೋಡಿ ಮರುಳಾಗಬೇಡಿ

ಆಲ್ಕೋಹಾಲ್ ಮಾರ್ಕರ್, ಅಂದರೆ ಚಿತ್ರಕ್ಕೆ ಬಣ್ಣ ತುಂಬುವ ಆಲ್ಕೋಹಾಲ್ ಇಂಕಿನ ಪೆನ್, ತಗೊಳ್ಳಬೇಕು ಅಂತ ಆಸೆಯಾಗಿದೆಯಾ? ಹಾಗಾದರೆ ನಾನು ಕೈ ಸುಟ್ಟುಕೊಂಡ ಕಥೆ ಒಮ್ಮೆ ಓದಿಬಿಡಿ. ನನ್ನ ಹತ್ತಿರ 120 ಮಾರ್ಕರ್ ಇವೆ. ಅದರಲ್ಲಿ ನೆಟ್ಟಗೆ ಬಣ್ಣ ಬಿಡುವವು ನಲವತ್ತೂ ಇಲ್ಲ. ಕೊಂಡು ಇನ್ನೂ ಒಂದು ವರ್ಷ ತುಂಬಿಲ್ಲ.

ತಪ್ಪು ಶುರುವಾಗಿದ್ದೇ ಸಂಖ್ಯೆಯಿಂದ. 24ರ ಸೆಟ್ ಇತ್ತು, 48ರದ್ದೂ ಇತ್ತು. ಇನ್ನೊಂದಿಷ್ಟು ಹಾಕಿದರೆ 120 ಸಿಗುತ್ತೆ ಅಲ್ವಾ ಅಂತ ಲೆಕ್ಕ ಹಾಕಿದೆ. ಬಂದ ಮೇಲೆ ನೋಡಿದರೆ ಒಂದೇ ಥರ ಕಾಣುವ ಹಸಿರು ಹನ್ನೊಂದು, ಕಣ್ಣು ಕುಕ್ಕುವ ನಿಯಾನ್ ಏಳು. ಬೂದು ಎರಡೇ. ಮೈಬಣ್ಣಕ್ಕೆ ಆಗುವಂಥವು ಮೂರು, ಅವೂ ಒಂದಕ್ಕೊಂದು ಸೇರುವುದಿಲ್ಲ. ಈ ಮಾರ್ಕರ್‌ಗಳ ಮಜಾ ಇರುವುದೇ ಬ್ಲೆಂಡ್ ಮಾಡುವುದರಲ್ಲಿ, ಅಂದರೆ ಒಂದು ಬಣ್ಣವನ್ನು ಇನ್ನೊಂದರೊಳಗೆ ಗೆರೆ ಕಾಣದ ಹಾಗೆ ಬೆರೆಸುವುದರಲ್ಲಿ. ಅದಕ್ಕೆ ಒಂದೇ ಬಣ್ಣದ ತಿಳಿ, ನಡು, ಗಾಢ ಮೂರೂ ಬೇಕು. ಜಪಾನಿನ ಕಾಪಿಕ್ ಮಾರ್ಕರ್‌ಗಳ ಮೇಲೆ ಬಿ21, ಬಿ23, ಬಿ26 ಅಂತೆಲ್ಲ ಬರೆದಿರುತ್ತದಲ್ಲ, ಅದು ಇದೇ ಲೆಕ್ಕ. ಬಿ ಅಂದರೆ ನೀಲಿ, ಕೊನೆಯ ಅಂಕಿ ದೊಡ್ಡದಾದಷ್ಟು ಬಣ್ಣ ಗಾಢ. ನನ್ನ ಸೆಟ್‌ನಲ್ಲೂ ನಂಬರ್ ಇದ್ದವು. ಆದರೆ ಅವಕ್ಕೆ ತಲೆಬುಡ ಇರಲಿಲ್ಲ.

ಮೊದಲ ರಾತ್ರಿ ಒಂದು ಸೇಬು ಬರೆದೆ, ಮನೆಯಲ್ಲಿದ್ದ ಮಾಮೂಲಿ ಸ್ಕೆಚ್‌ಬುಕ್‌ನಲ್ಲಿ. ಕೆಂಪು ಹಚ್ಚಿದ್ದೇ ತಡ, ಗೆರೆ ದಾಟಿ ಕೂದಲು ಬಿಟ್ಟ ಹಾಗೆ ಹರಡಿತು. ಹಾಳೆ ತಿರುಗಿಸಿದರೆ ಹಿಂದೆಯೂ ಸೇಬು. ಅದರ ಕೆಳಗಿನ ಹಾಳೆಯಲ್ಲೂ ಸೇಬು! ಇಂಕ್‌ನಲ್ಲಿರುವ ಆಲ್ಕೋಹಾಲ್ ಕಾಗದದ ನಾರಿನೊಳಗೆ ಓಡುತ್ತದೆ, ಜೊತೆಗೆ ಬಣ್ಣವನ್ನೂ ಎಳೆದುಕೊಂಡು ಹೋಗುತ್ತದೆ. ಸರಿ, ದಪ್ಪ ಕಾಗದ ತಂದರಾಯಿತು ಅಂತ ವಾಟರ್‌ಕಲರ್ ಪೇಪರ್ ತಂದೆ. ಅದು ಇನ್ನೂ ದೊಡ್ಡ ಪೆದ್ದುತನ. ಆ ಕಾಗದ ಇಂಕನ್ನು ಗಟಗಟ ಕುಡಿಯಿತು. ಅದರ ತರಿತರಿ ಮೈಗೆ ಉಜ್ಜಿ, ಕುಂಚದ ಥರ ಮೆತ್ತಗಿರುವ ಬ್ರಷ್ ನಿಬ್‌ನ ತುದಿ ಹಳೇ ಟೂತ್‌ಬ್ರಷ್ ಥರ ಕೆದರಿಹೋಯಿತು. ಬೇಕಾಗಿದ್ದು ದಪ್ಪ ಅಲ್ಲ, ನುಣುಪು. ಮಾರ್ಕರ್ ಪೇಪರ್ ಅಂತಲೇ ಸಿಗುತ್ತದೆ. ಮುಟ್ಟಿದರೆ ತೆಳ್ಳಗಿರುತ್ತದೆ, ಆದರೆ ಇಂಕ್ ಅಷ್ಟು ಸುಲಭವಾಗಿ ಹಿಂದಕ್ಕೆ ಇಳಿಯುವುದಿಲ್ಲ. ಆದರೂ ಅಡಿಗೆ ಒಂದು ರದ್ದಿ ಹಾಳೆ ಇಟ್ಟುಕೊಳ್ಳಿ.

ಜೆಲ್ ಪೆನ್ನಿನ ಗೆರೆಯ ಮೇಲೆ ಹಳದಿ ಎಳೆದು ಹಳದಿ ನಿಬ್ ಕಪ್ಪು ಮಾಡಿಕೊಂಡಿದ್ದೂ ಆಗಿದೆ. ರದ್ದಿ ಕಾಗದದ ಮೇಲೆ ಗೀಚುತ್ತಾ ಹೋದರೆ ಕಪ್ಪು ಬಿಟ್ಟುಹೋಗುತ್ತದೆ, ಹೆದರಬೇಡಿ. ಪೆನ್ನಿನ ಮೇಲೆ ವಾಟರ್‌ಪ್ರೂಫ್ ಅಂತ ಇದ್ದ ಮಾತ್ರಕ್ಕೆ ಆಲ್ಕೋಹಾಲ್ ತಡೆಯುತ್ತದೆ ಅಂತಲ್ಲ. ಮೂಲೆಯಲ್ಲಿ ಒಂದು ಗೆರೆ ಎಳೆದು, ಒಣಗಿದ ಮೇಲೆ ಮಾರ್ಕರ್ ಆಡಿಸಿ ನೋಡಿ.

ಇದೆಲ್ಲ ಸಣ್ಣಪುಟ್ಟದ್ದು. ನಿಜವಾಗಿ ಹೊಟ್ಟೆ ಉರಿಸಿದ್ದು ಸ್ಟ್ಯಾಂಡ್. ಸೆಟ್ ಜೊತೆಗೇ ಒಂದು ಪ್ಲಾಸ್ಟಿಕ್ ಸ್ಟ್ಯಾಂಡ್ ಬಂದಿತ್ತು, ಮಾರ್ಕರ್‌ಗಳನ್ನು ಸಾಲಾಗಿ ನಿಲ್ಲಿಸುವುದಕ್ಕೆ. ನೋಡೋಕೆ ಎಷ್ಟು ಚಂದ ಅಂದರೆ, ಫೋಟೊ ಬೇರೆ ತೆಗೆದೆ. ಕೊಟ್ಟವರೇ ನಿಲ್ಲಿಸಿ ಅಂದ ಮೇಲೆ ನಿಲ್ಲಿಸದೆ ಇರುತ್ತೇವಾ? ಕೆಲಸದ ಗಡಿಬಿಡಿಯಲ್ಲಿ ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ತಗೊಂಡು ಮೇಲಿನ ಬ್ರಷ್ ನಿಬ್ ಕಾಗದಕ್ಕೆ ತಾಗಿಸಿದರೆ ಪರಪರ ಸದ್ದು, ಬಣ್ಣವೇ ಇಲ್ಲ. ಕೆಳಗಿನ ಅಗಲ ನಿಬ್‌ನ ಕ್ಯಾಪ್ ತೆಗೆದರೆ ಬೆರಳೆಲ್ಲ ನೇರಳೆ. ಎರಡು ತುದಿಯ ಮಾರ್ಕರ್ ನಿಂತೇ ಇದ್ದರೆ ಇಂಕ್ ಕೆಳಗಿಳಿಯುತ್ತದೆ, ಮೇಲಿನ ತುದಿ ಒಣಗುತ್ತದೆ. ಅವನ್ನು ಅಡ್ಡ ಮಲಗಿಸಿಯೇ ಇಡಬೇಕು. ಮಲಗಿಸಿಟ್ಟ ಮೂರು ದಿನಕ್ಕೆ ಕೆಲವಕ್ಕೆ ಜೀವ ಬಂತು. ಕ್ಯಾಪ್ ಸಡಿಲ ಇದ್ದವಕ್ಕೆ ಬರಲಿಲ್ಲ, ಅದರೊಳಗಿನ ಆಲ್ಕೋಹಾಲ್ ಆಗಲೇ ಆರಿಹೋಗಿತ್ತು. ಕ್ಯಾಪ್ ಹಾಕುವಾಗ ಟಕ್ ಅಂತ ಸದ್ದು ಕೇಳಲೇಬೇಕು.

ಯಾರೋ ಹೇಳಿದರು ಅಂತ ಸ್ಪಿರಿಟ್ ಹನಿ ಹಾಕಿಯೂ ನೋಡಿದೆ. ನಿಬ್ ಒದ್ದೆಯಾಯಿತು, ಬಣ್ಣ ನೀರುನೀರಾಯಿತು. ಗಾಢ ನೀಲಿ ಹೋಗಿ ತೊಳೆದ ಜೀನ್ಸ್ ಬಣ್ಣ ಆಯಿತು. ರೀಫಿಲ್ ಇಂಕ್, ಬಿಡಿ ನಿಬ್ ಸಿಗುವ ಮಾರ್ಕರ್ ಆಗಿದ್ದರೆ ಈ ಪಾಡೇ ಇರುತ್ತಿರಲಿಲ್ಲ. ಕೊಳ್ಳುವ ಮೊದಲು ಅದೊಂದನ್ನು ಕೇಳಿ. ಅಂಥವು ದುಬಾರಿ, ಒಪ್ಪುತ್ತೇನೆ. ಆದರೆ ಬಿಡಿಯಾಗಿ ಆರು ತಗೊಂಡು ಶುರು ಮಾಡಬಹುದು.

ಬರೆಯುವಾಗ ಕಿಟಕಿ ತೆಗೆದಿಡಿ, ವಾಸನೆಗೆ ನನಗಂತೂ ತಲೆನೋವು ಬಂದಿತ್ತು. ಬೆಂಕಿ ಹತ್ತಿರ ಬೇಡ. ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಈ ಬಣ್ಣ ಬೆಳಕಿಗೆ ಮಾಸುತ್ತದೆ. ಸ್ನೇಹಿತೆಗೆ ಕೊಟ್ಟ ಚಿತ್ರದಲ್ಲಿ ಕೆನ್ನೆಯ ಗುಲಾಬಿ ಈಗ ಹುಡುಕಬೇಕು.

ಹಾಂ, ಒಂದು ಮರೆತೆ. ಸೆಟ್ ಕೈಗೆ ಬಂದ ದಿನವೇ ಪ್ರತಿಯೊಂದರ ಎರಡೂ ತುದಿ ತೆಗೆದು ಒಂದು ಹಾಳೆಯಲ್ಲಿ ಬಣ್ಣ ಹಚ್ಚಿ, ಪಕ್ಕದಲ್ಲಿ ನಂಬರ್ ಬರೆದಿಡಿ. ಕ್ಯಾಪಿನ ಬಣ್ಣಕ್ಕೂ ಕಾಗದದ ಮೇಲಿನ ಬಣ್ಣಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ನಾನು ಆ ಹಾಳೆ ಮಾಡಿದ್ದು ತಡವಾಗಿ. ಇನ್ನೂ ಬಿಚ್ಚಿಯೇ ಇರದ ಸಾಲಿನಲ್ಲಿ ಆರು ಮಾರ್ಕರ್ ಬರುವಾಗಲೇ ಒಣಗಿದ್ದವು ಅಂತ ಆಗ ಗೊತ್ತಾಯಿತು. ವಾಪಸ್ ಮಾಡುವ ಗಡುವು ಮುಗಿದು ಮೂರು ದಿನ ಆಗಿತ್ತು.